ಉಪ್ಪುಗಾಳಿ ಊರಿನ ಹಳೆ ಪಿಕಪ್: ಕೆಟ್ಟಾಗ ಎಲ್ಲಿಂದ ಹುಡುಕಬೇಕು

ನನ್ನ ಮನೆ ಉಡುಪಿಯ ಕಲ್ಯಾಣಪುರದ ಹತ್ತಿರ. ಗಾಡಿ 2003ರ ಟಾಟಾ 207 ಡಿಐ ಪಿಕಪ್. ನನ್ನ ಕೈಗೆ ಬರುವ ಮೊದಲು ಅದು ವರ್ಷಗಟ್ಟಲೆ ಮಲ್ಪೆ ಬಂದರಿನಿಂದ ಮೀನು ಹೊತ್ತಿತ್ತು. ಈಗ ಭಾನುವಾರಗಳಲ್ಲಿ ಅಂಗಳದಲ್ಲೇ ಒಂದೊಂದು ಭಾಗ ಬಿಚ್ಚಿ ಸರಿ ಮಾಡುತ್ತಾ ಬಂದಿದ್ದೇನೆ.

ತಂದ ಮೊದಲ ಮಳೆಗಾಲದಲ್ಲೇ ಗಾಡಿ ಮಲಗಿತು. ಸೆಲ್ಫ್ (ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್) ನಿಧಾನಕ್ಕೆ ತಿರುಗುತ್ತಿತ್ತು, ಇಂಜಿನ್ ಹಿಡಿಯುತ್ತಿರಲಿಲ್ಲ. ಡೀಸೆಲ್ ಪಂಪ್ ಹೋಗಿದೆ ಅಂದುಕೊಂಡೆ. ಪಂಪ್ ಬಿಚ್ಚಿಸಿ ರಿಪೇರಿಗೆ ಕೊಟ್ಟೆ, ಎಂಟು ದಿನ ಕಾದೆ, ಜಾಸ್ತಿಯೇ ದುಡ್ಡು ಕೊಟ್ಟೆ. ತಂದು ಕೂರಿಸಿದ ಮೇಲೂ ಹಾಗೆಯೇ. ಕೊನೆಗೆ ಪಕ್ಕದ ಮನೆಯ ಹಿರಿಯರು ಕೊಡೆ ಹಿಡಿದುಕೊಂಡು ಬಂದರು. ಲಾರಿ ಕೆಲಸದಲ್ಲೇ ಕೂದಲು ಬೆಳ್ಳಗಾದವರು. "ಅರ್ತ್ ನೋಡಿದ್ದೀಯಾ ಮಾರಾಯ?" ಅಂದರು. "ಇಲ್ಲ ಮಾಮ" ಅಂದೆ. ಇಂಜಿನ್‌ನಿಂದ ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಹೋಗುವ ತಾಮ್ರದ ಅರ್ತ್ ಪಟ್ಟಿಯನ್ನು (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಕೈಯಲ್ಲಿ ಹಿಡಿದರು. ಅದು ಹಸಿರು ಪುಡಿಯಾಗಿ ಉದುರಿತು. ಹೊಸ ಪಟ್ಟಿ ಹಾಕಿದೆವು. ಗಾಡಿ ಒಂದೇ ಸಲಕ್ಕೆ ಎದ್ದಿತು.

ಅಂದಿನಿಂದ ನನ್ನದು ಒಂದೇ ಕ್ರಮ. ನಮ್ಮ ಕರಾವಳಿಯಲ್ಲಿ ಹಳೆ ಗಾಡಿ ಕೆಟ್ಟರೆ ಮೊದಲು ಉಪ್ಪು ಮತ್ತು ನೀರು ಎಲ್ಲಿ ಕೂತಿದೆ ಅಂತ ಹುಡುಕುತ್ತೇನೆ. ಇಂಜಿನ್ ಬಿಚ್ಚುವ ಮಾತು ಆಮೇಲೆ. ಇಲ್ಲಿ ಬರೆದಿರುವುದು ಹಳೆಯ, ಮೆಕ್ಯಾನಿಕಲ್ ಪಂಪಿನ ಡೀಸೆಲ್ ಪಿಕಪ್‌ಗಳಿಗೆ. ಹೊಸ ಕಾಮನ್ ರೈಲ್ ಇಂಜಿನ್‌ಗಳ ಡೀಸೆಲ್ ಪೈಪಿಗೆ ಮನೆಯಲ್ಲಿ ಕೈ ಹಾಕಲೇಬೇಡಿ. ಅದರಲ್ಲಿ ಒತ್ತಡ 1,000 ಬಾರ್‌ಗಿಂತಲೂ ಮೇಲೆ ಹೋಗುತ್ತದೆ.

ಗಾಡಿಯ ಅಡಿಗೆ ಹೋಗುವ ಮೊದಲು

ನಮ್ಮ ಕಡೆ ಮನೆ ಸುತ್ತ ಕೆಂಪುಕಲ್ಲು ಇದ್ದೇ ಇರುತ್ತದೆ. ಜಾಕ್ ಹಾಕಿ ಗಾಡಿ ಎತ್ತಿ, ಅಡಿಗೆ ಎರಡು ಕೆಂಪುಕಲ್ಲು ಕೊಟ್ಟು ಒಳಗೆ ನುಗ್ಗುವವರನ್ನು ತುಂಬ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಂಪುಕಲ್ಲು ಗೋಡೆಯಲ್ಲಿ ಸಾಲಾಗಿ ಕೂತಾಗ ಭಾರ ಹೊರುತ್ತದೆ. ಒಂದೇ ಬಿಂದುವಿನಲ್ಲಿ ಚಾಸಿಯ ಭಾರ ಬಿದ್ದರೆ, ಅದರಲ್ಲೂ ಮಳೆಗೆ ನೆನೆದಿದ್ದರೆ, ಹೇಳದೆ ಕೇಳದೆ ಒಡೆಯುತ್ತದೆ. ಕಬ್ಬಿಣದ ಜಾಕ್ ಸ್ಟ್ಯಾಂಡ್ ಒಂದು ಜೊತೆ ತೆಗೆದುಕೊಳ್ಳಿ. ಮಣ್ಣಿನ ಅಂಗಳವಾದರೆ ಅದರಡಿಗೆ ದಪ್ಪ ಹಲಗೆ ಹಾಕಿ. ನೆಲದಲ್ಲಿ ಉಳಿದ ಚಕ್ರಗಳಿಗೆ ಎರಡೂ ಕಡೆ ಅಡ್ಡೆ ಕೊಡಿ. ಜಾಕ್ ಎತ್ತುವುದಕ್ಕೆ ಮಾತ್ರ, ಭಾರ ಹಿಡಿದು ನಿಲ್ಲುವುದು ಸ್ಟ್ಯಾಂಡ್.

ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಕೂರಿಸುವಾಗ ಕೊನೆಗೆ ನೆಗೆಟಿವ್. ಉಂಗುರ, ಲೋಹದ ವಾಚು ತೆಗೆದಿಡಿ. ಬ್ಯಾಟರಿ ಹತ್ತಿರ ಬೀಡಿ ಸಿಗರೇಟು ಬೇಡ. ಚಾರ್ಜ್ ಆಗುವಾಗ ಅದರಿಂದ ಬರುವ ಗ್ಯಾಸಿಗೆ ಬೆಂಕಿ ಹಿಡಿಯುತ್ತದೆ.

ಕೀ ತಿರುಗಿಸಿದರೆ "ಟಕ್" ಅಂತ ಮಾತ್ರ, ಅಥವಾ ಸೆಲ್ಫ್ ಎಳೆದೆಳೆದು ತಿರುಗುತ್ತದೆ

ಮೊದಲೇ ಒಂದು ಮಾತು. ಗಾಡಿ ನೆರೆ ನೀರಿನಲ್ಲಿ ನಿಂತಿದ್ದರೆ, ಅಥವಾ ನೀರಿನಲ್ಲಿ ಓಡಿಸುವಾಗಲೇ ಆಫ್ ಆಗಿದ್ದರೆ ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರಿನೊಳಗೆ ನೀರು ಹೋಗಿರಬಹುದು. ಗಾಳಿಯ ಹಾಗೆ ನೀರು ಒತ್ತಿಕೊಳ್ಳುವುದಿಲ್ಲ, ಪಿಸ್ಟನ್ ಮೇಲೆ ಬರುವಾಗ ಕನೆಕ್ಟಿಂಗ್ ರಾಡ್ ಬಗ್ಗಿಬಿಡುತ್ತದೆ. ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಿ. ಒಳಗೆ ನೀರಿದ್ದರೆ ಅಲ್ಲಿಗೇ ನಿಲ್ಲಿಸಿ, ಮೆಕ್ಯಾನಿಕ್‌ಗೆ ಹೇಳಿ. ನೋಝಲ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಬಿಚ್ಚಿ ನೀರು ಹೊರಹಾಕಿದ ಮೇಲೆಯೇ ಇಂಜಿನ್ ತಿರುಗಿಸಬೇಕು.

ನೀರಿನ ಕತೆ ಇಲ್ಲದಿದ್ದರೆ ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ದುಡ್ಡಿಲ್ಲದ ಪರೀಕ್ಷೆ ಇದು. ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿ ಸೋತಿದೆ ಅಥವಾ ಟರ್ಮಿನಲ್ ಹಿಡಿತ ಸರಿಯಿಲ್ಲ. ಲೈಟ್ ಸ್ವಲ್ಪವೂ ಮಂಕಾಗದೆ ಏನೂ ಸದ್ದಿಲ್ಲದಿದ್ದರೆ ಸೆಲ್ಫಿಗೆ ಕರೆಂಟೇ ಹೋಗುತ್ತಿಲ್ಲ. ಕೀ ಸ್ವಿಚ್, ಸೆಲ್ಫ್ ಮೇಲಿರುವ ಸಣ್ಣ ವೈರ್ ನೋಡಿ. "ಟಕ್ ಟಕ್ ಟಕ್" ಅಂತ ಬಿಡದೆ ಬಡಿದರೆ ಬ್ಯಾಟರಿ ಕಡೆಗೇ ಅನುಮಾನ. ಒಂದೇ ಒಂದು ಗಟ್ಟಿ "ಟಕ್" ಬಂದು ಸುಮ್ಮನಾದರೆ ಸೆಲ್ಫಿನ ಸೊಲೆನಾಯ್ಡ್ (ಕರೆಂಟ್ ಬಂದಾಗ ಎಳೆಯುವ ಸ್ವಿಚ್) ಅಥವಾ ಬ್ರಷ್ ಕೆಟ್ಟಿರಬಹುದು, ಇಲ್ಲವೇ ಇಂಜಿನ್ ಬಿಗಿದಿರಬಹುದು.

ಆಮೇಲೆ ಟರ್ಮಿನಲ್. ಬಿಳಿ ಹಸಿರು ಹಿಟ್ಟಿನ ಹಾಗೆ ಕಟ್ಟಿಕೊಂಡಿದ್ದರೆ ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ. ಎಮರಿ ಪೇಪರಿನಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ ಬಿಗಿಯಿರಿ. ಬಿಗಿದ ಮೇಲೆ ವ್ಯಾಸಲಿನ್ ಹಚ್ಚಿ.

ಇನ್ನು ಮಲ್ಟಿಮೀಟರ್. ಹಳೆ ಗಾಡಿ ಇಟ್ಟುಕೊಂಡವರಿಗೆ ಇದಕ್ಕಿಂತ ಉಪಯೋಗದ ಸಾಮಾನು ಇನ್ನೊಂದಿಲ್ಲ. ರಾತ್ರಿ ಪೂರ್ತಿ ನಿಂತ ಗಾಡಿಯ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿ ಅಂತಲೇ ತಿಳಿಯಿರಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮುದಿಯಾಗಿದೆ. ಇಂಜಿನ್ ಓಡುವಾಗ 13.8ರಿಂದ 14.4ರ ಒಳಗೆ ತೋರಿಸಬೇಕು. ತೋರಿಸದಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ, ಹೊಸ ಬ್ಯಾಟರಿ ತಂದು ಹಾಕಿದರೂ ವಾರದಲ್ಲಿ ಮತ್ತೆ ಇದೇ ತೊಂದರೆ.

ಈಗ ನನ್ನನ್ನು ಎಂಟು ದಿನ ಕಾಯಿಸಿದ ಅರ್ತ್. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಮೇಲೆ ಇಡಿ. ಕೆಂಪು ಕಡ್ಡಿಯನ್ನು ಇಂಜಿನ್‌ನ ಬರಿ ಲೋಹಕ್ಕೆ ಒತ್ತಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಕರೆಂಟ್ ವಾಪಸ್ ಬರುವ ದಾರಿ ಕೆಟ್ಟಿದೆ. ಮೀಟರ್ ಇಲ್ಲವಾ? ಒಂದು ದಪ್ಪ ಜಂಪರ್ ಕೇಬಲ್ ತೆಗೆದುಕೊಂಡು ಬ್ಯಾಟರಿ ನೆಗೆಟಿವ್‌ನಿಂದ ನೇರ ಇಂಜಿನ್ ಲೋಹಕ್ಕೆ ಹಾಕಿ ಸೆಲ್ಫ್ ಹೊಡೆಯಿರಿ. ಚುರುಕಾಗಿ ತಿರುಗಿತೋ, ಕಳ್ಳ ಸಿಕ್ಕ. ಇನ್ನೊಂದು ಗುರುತು ಉಂಟು: ಸೆಲ್ಫ್ ಹೊಡೆದಾಗ ಆಕ್ಸಿಲರೇಟರ್ ಕೇಬಲ್ ಬಿಸಿಯಾಗುತ್ತದೆ. ಸರಿಯಾದ ದಾರಿ ಮುಚ್ಚಿದ ಕರೆಂಟ್ ಆ ಕೇಬಲ್ ಮೂಲಕ ಹರಿಯುತ್ತಿರುತ್ತದೆ.

ಸೆಲ್ಫ್ ನಿಧಾನವಾದರೆ ಇಂಜಿನ್ ಯಾಕೆ ಹಿಡಿಯುವುದಿಲ್ಲ ಅಂತ ತಿಳಿದರೆ ನನ್ನ ತಪ್ಪು ನಿಮಗೆ ಆಗುವುದಿಲ್ಲ. ಡೀಸೆಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಜೋರಾಗಿ ಒತ್ತಿ ಬಿಸಿ ಮಾಡಿಯೇ ಡೀಸೆಲ್ ಹೊತ್ತಬೇಕು. ನಿಧಾನಕ್ಕೆ ಒತ್ತಿದರೆ ಗಾಳಿ ಪಿಸ್ಟನ್ ಸಂದಿಯಿಂದ ಸೋರುತ್ತದೆ, ಬಿಸಿ ಸಾಲುವುದಿಲ್ಲ. ಪಂಪ್ ಸರಿಯಾಗಿದ್ದರೂ ಕೆಟ್ಟ ಹಾಗೆ ಕಾಣುತ್ತದೆ.

ಸೆಲ್ಫ್ ಚುರುಕಾಗಿ ತಿರುಗುತ್ತದೆ, ಆದರೂ ಸ್ಟಾರ್ಟ್ ಇಲ್ಲ

ಆಗಸ್ಟ್ ಮೊದಲ ವಾರದಲ್ಲಿ ಈ ದೂರು ನಮ್ಮಲ್ಲಿ ಜಾಸ್ತಿ. ಕಾರಣ ಉಂಟು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ. ಬೋಟು ನಿಂತರೆ ಮೀನಿನ ಗಾಡಿಯೂ ನಿಂತ ಹಾಗೆ. ಅದೂ ಸರಿಯಾಗಿ ಮಳೆ ಹೊಯ್ಯುವ ಎರಡು ತಿಂಗಳು. ಅರ್ಧ ಖಾಲಿ ಟ್ಯಾಂಕಿನೊಳಗೆ ತೇವದ ಗಾಳಿ ತುಂಬಿರುತ್ತದೆ. ತಂಪಾದಾಗ ಆ ತೇವ ಟ್ಯಾಂಕಿನ ಗೋಡೆಯಲ್ಲಿ ಬೆವರಿ ಕೆಳಗಿಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳದಲ್ಲಿ ಕೂರುತ್ತದೆ. ತಗಡಿನ ಟ್ಯಾಂಕಿಗೆ ತುಕ್ಕು ಹಿಡಿಯುತ್ತದೆ. ನೀರಿನ ಮೇಲೆ ಕಪ್ಪು ಲೋಳೆಯೂ ಬೆಳೆಯುತ್ತದೆ. ಮಳೆಗಾಲಕ್ಕೆ ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ.

ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ಕಡೆ ಒಬ್ಬರು ನಿಲ್ಲಲಿ. ಸ್ವಲ್ಪವೂ ಹೊಗೆ ಇಲ್ಲ ಅಂದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿಲ್ಲ. ಬಿಳಿ ಹೊಗೆ ಬರುತ್ತದೆ ಅಂದರೆ ತಲುಪುತ್ತಿದೆ, ಹೊತ್ತುತ್ತಿಲ್ಲ.

ಹೊಗೆ ಇಲ್ಲದಿದ್ದರೆ ಹೀಗೆ ಹೋಗಿ. ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ ಅಂತ ಕಡ್ಡಿ ಇಳಿಸಿ ನೋಡಿ, ಹಳೆ ಗಾಡಿಯ ಮೀಟರ್ ನಂಬಬೇಡಿ. ಇಂಜಿನ್ ನಿಲ್ಲಿಸುವ ಕೇಬಲ್ ಎಳೆದ ಜಾಗದಲ್ಲೇ ತುಕ್ಕಿಗೆ ಸಿಕ್ಕಿಕೊಂಡಿದೆಯಾ ನೋಡಿ. ಕೇಬಲ್ ಬದಲು ಪಂಪ್ ಮೇಲೆ ಸ್ಟಾಪ್ ಸೊಲೆನಾಯ್ಡ್ ಇದ್ದರೆ ಕೀ ಆನ್ ಮಾಡಿದಾಗ ಅದರ ವೈರಿನಲ್ಲಿ ಎಷ್ಟು ವೋಲ್ಟ್ ಇದೆ ಅಂತ ಅಳೆಯಿರಿ.

ಇದು ಸರಿ ಇದ್ದರೆ ಡೀಸೆಲ್ ಫಿಲ್ಟರ್ ಕೆಳಗಿನ ತಿರುಪು ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಹಿಡಿಯಿರಿ. ಕಾಲು ಗಂಟೆ ಸುಮ್ನೆ ಬಿಡಿ. ತಳದಲ್ಲಿ ಬೇರೆ ಪದರ ನಿಂತರೆ ಅದು ನೀರು. ಕಂದು ಪುಡಿ ಕಂಡರೆ ಟ್ಯಾಂಕಿನ ತುಕ್ಕು. ಸ್ವಲ್ಪ ನೀರಾದರೆ ಬಿಟ್ಟು ತೆಗೆದು ಫಿಲ್ಟರ್ ಬದಲಿಸಿದರೆ ಸಾಕು. ಪುಡಿ ಜಾಸ್ತಿ ಇದ್ದರೆ ಟ್ಯಾಂಕ್ ಇಳಿಸಿ ತೊಳೆಯಬೇಕು, ಇಲ್ಲದಿದ್ದರೆ ಹೊಸ ಫಿಲ್ಟರ್ ತಿಂಗಳೊಳಗೆ ಕಟ್ಟುತ್ತದೆ. ಇಳಿಸಿದ ಟ್ಯಾಂಕಿಗೆ ವೆಲ್ಡಿಂಗ್ ಬೇಕಾದರೆ ಮನೆಯಲ್ಲಿ ಮಾಡಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ಸಿಡಿಯುತ್ತದೆ.

ಆಮೇಲೆ ಏರ್ ತೆಗೆಯುವುದು. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ. ಗುಳ್ಳೆಯಿಲ್ಲದ ಡೀಸೆಲ್ ಬಂದಾಗ ಸ್ಕ್ರೂ ಬಿಗಿಯಿರಿ. ಕೈಪಂಪ್ ಗಟ್ಟಿಯಾಗುವವರೆಗೆ ಒತ್ತಿ. ಸ್ಟಾರ್ಟ್ ಆಗಿ, ಮರುದಿನ ಬೆಳಿಗ್ಗೆ ಮತ್ತೆ ಅದೇ ತೊಂದರೆ ಬಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಇಲ್ಲಿ ತುಂಬ ಜನ ಸೋಲುತ್ತಾರೆ, ಯಾಕೆಂದರೆ ಹೊರಗೆ ಒಂದು ಹನಿಯೂ ಸೋರಿರುವುದಿಲ್ಲ. ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಇರುವುದು ಎಳೆತ. ಬಿರುಕಿದ್ದರೆ ಗಾಳಿ ಒಳಗೆ ಹೋಗುತ್ತದೆ, ಡೀಸೆಲ್ ಹೊರಗೆ ಬರುವುದಿಲ್ಲ. ಫಿಲ್ಟರಿಗೆ ಬರುವ ರಬ್ಬರ್ ಪೈಪಿನ ಜಾಗದಲ್ಲಿ ಸ್ವಲ್ಪ ಹೊತ್ತಿಗೆ ಪಾರದರ್ಶಕ ಡೀಸೆಲ್ ಪೈಪ್ ಹಾಕಿ ನೋಡಿ. ಗುಳ್ಳೆ ಓಡುವುದು ಕಣ್ಣಿಗೇ ಕಾಣುತ್ತದೆ. ಹಳೆ ರಬ್ಬರ್ ಪೈಪ್, ಕ್ಲಿಪ್, ತಾಮ್ರದ ವಾಷರ್ ಎಲ್ಲ ಸೇರಿಸಿ ಬದಲಿಸಿದರೂ ಪಂಪ್ ರಿಪೇರಿಯ ಹತ್ತಿರಕ್ಕೂ ಬರುವುದಿಲ್ಲ.

ಕೊನೆಯ ಪರೀಕ್ಷೆ ನೋಝಲ್ ಹತ್ತಿರದ ಪೈಪ್ ನಟ್. ಒಂದು ಸುತ್ತು ಸಡಿಲಿಸಿ, ಮೇಲೆ ಬಟ್ಟೆ ಹಾಕಿ, ಸೆಲ್ಫ್ ಹೊಡೆಸಿ. ಡೀಸೆಲ್ ಚಿಮ್ಮಿ ಚಿಮ್ಮಿ ಬರಬೇಕು. ಕೈಯನ್ನು, ಮುಖವನ್ನು ದೂರ ಇಡಿ, ಕನ್ನಡಕ ಹಾಕಿ. ಈ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ಹಾಗೇನಾದರೂ ಆದರೆ ನೋವಿಲ್ಲ ಅಂತ ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಗೆ ಹೋಗಿದೆ ಅಂತಲೇ ಹೇಳಿ. ಫಿಲ್ಟರಿನವರೆಗೆ ಎಲ್ಲ ಸರಿ ಇದ್ದು ಇಲ್ಲಿ ಡೀಸೆಲ್ ಬರದಿದ್ದರೆ ಈಗ ಪಂಪ್ ಮೇಲೆ ಅನುಮಾನ ಪಡಬಹುದು. ಅದರ ಕೆಲಸ ಪಂಪ್ ಅಂಗಡಿಯದೇ. ಅವರ ಬೆಂಚ್ ಮೇಲಿನ ಮೆಷಿನ್ ನಮ್ಮಲ್ಲಿ ಇರುವುದಿಲ್ಲ, ಟೈಮಿಂಗ್ ತಪ್ಪಿದರೆ ಇನ್ನೊಂದು ತೊಂದರೆ.

ಸ್ಟಾರ್ಟ್ ಆಗುತ್ತದೆ, ಓಡುತ್ತಾ ಎಳೆತ ಸಾಯುತ್ತದೆ

ಗಾಡಿ ನಿಲ್ಲಿಸಿ ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. "ಸುಂಯ್" ಅಂತ ಗಾಳಿ ಒಳಗೆ ನುಗ್ಗಿತಾ? ಹಾಗಾದರೆ ಮುಚ್ಚಳದ ಉಸಿರು ತೂತು ಕಟ್ಟಿದೆ. ಪಿನ್ನಿನಿಂದ ಬಿಡಿಸಿ. ಅದಲ್ಲದಿದ್ದರೆ ಡೀಸೆಲ್ ಫಿಲ್ಟರ್, ಆಮೇಲೆ ಏರ್ ಫಿಲ್ಟರ್, ಕೊನೆಗೆ ಟ್ಯಾಂಕಿನೊಳಗಿನ ಜಾಲರಿ.

ಹೊಗೆಯ ಬಣ್ಣ ಬದಲಾಗಿದೆ

ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಏರ್ ಫಿಲ್ಟರ್ ತೆಗೆದು ನೋಡಿ. ಕೆಂಪು ಮಣ್ಣಿನ ರಸ್ತೆಯಲ್ಲಿ ಓಡುವ ಗಾಡಿಗೆ ಬೇಸಿಗೆಯಲ್ಲಿ ಅದು ಬೇಗ ಕಟ್ಟುತ್ತದೆ. ಫಿಲ್ಟರ್ ಚೆನ್ನಾಗಿದ್ದರೆ ನೋಝಲ್ ಪರೀಕ್ಷೆ ಮಾಡಿಸಿ.

ಬಿಳಿ ಹೊಗೆ ಮಳೆಗಾಲದ ಬೆಳಿಗ್ಗೆ ಎರಡು ಮೂರು ನಿಮಿಷ ಬಂದು ಹೋದರೆ ಚಿಂತೆ ಬೇಡ. ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ರೇಡಿಯೇಟರ್ ನೀರು ಇಳಿಯುತ್ತಿದೆಯಾ ನೋಡಿ. ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಮೇಲಿನ ಹೆಡ್ ನಡುವಿನ ಪದರ) ಕಡೆಗೆ ಅನುಮಾನ.

ನೀಲಿ ಹೊಗೆ ಇಂಜಿನ್ ಆಯಿಲ್ ಉರಿಯುವ ಗುರುತು. ಇಂಜಿನ್ ಸ್ಲೋ ಓಡುವಾಗ ಆಯಿಲ್ ಹಾಕುವ ಮುಚ್ಚಳವನ್ನು ಹುಷಾರಾಗಿ ಸಡಿಲಿಸಿ. ಬುಸು ಬುಸು ಅಂತ ಜೋರಾಗಿ ಗಾಳಿ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ರಿಂಗ್ ಬದಲಿಸುವುದು ಮನೆಯ ಅಂಗಳದಲ್ಲಿ ಆಗದ್ದಲ್ಲ, ಆದರೆ ಸಿಲಿಂಡರ್ ಅಳತೆ ಲೇತ್‌ನವರೇ ನೋಡಬೇಕು.

ಘಾಟಿ ಹತ್ತುವಾಗ ಬಿಸಿ ಮುಳ್ಳು ಮೇಲೆ ಹೋಗುತ್ತದೆ

ಊರೊಳಗೆ ಸರಿಯಾಗಿ ಓಡುವ ಗಾಡಿ ಆಗುಂಬೆಯ 14 ತಿರುವಿನಲ್ಲಿ ತನ್ನ ಗುಟ್ಟು ಬಿಡುತ್ತದೆ. ಮುಳ್ಳು ಕೆಂಪಿಗೆ ಹೋದರೆ ಬದಿಗೆ ನಿಲ್ಲಿಸಿ. ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒಳಗಿನ ನೀರು ಒತ್ತಡದಲ್ಲಿ 100 ಡಿಗ್ರಿಗಿಂತಲೂ ಬಿಸಿ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಕುದಿದು ಮುಖಕ್ಕೆ ಹಾರುತ್ತದೆ. ಕೈಯಿಂದ ಮುಟ್ಟಲು ಆಗುವಷ್ಟು ತಣಿಯುವವರೆಗೆ ಕಾಯಿರಿ. ಬಿಸಿ ಇಂಜಿನ್ ಮೇಲೆ ತೊರೆಯ ತಣ್ಣೀರು ಹೊಯ್ಯಬೇಡಿ, ಹೆಡ್ ಬಿರುಕು ಬಿಡುತ್ತದೆ.

ಮನೆಗೆ ಬಂದ ಮೇಲೆ, ತಣಿದ ಗಾಡಿಯಲ್ಲಿ ನೀರಿನ ಮಟ್ಟ ನೋಡಿ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ, 10ರಿಂದ 15 ಮಿಲಿಮೀಟರ್ ಬಗ್ಗಬೇಕು. ರೇಡಿಯೇಟರ್ ಮುಂದೆ ಟಾರ್ಚ್ ಹಿಡಿದು ಹಿಂದಿನಿಂದ ಬೆಳಕು ಕಾಣುತ್ತದಾ ನೋಡಿ. ಮಣ್ಣು, ಹುಳ, ಒಣಹುಲ್ಲು ಕಟ್ಟಿದ್ದರೆ ಇಂಜಿನ್ ಕಡೆಯಿಂದ ಮುಂದಕ್ಕೆ ಮೆಲ್ಲ ನೀರು ಬಿಟ್ಟು ತೊಳೆಯಿರಿ. ಮುಚ್ಚಳದ ರಬ್ಬರ್ ಮತ್ತು ಸ್ಪ್ರಿಂಗ್ ಸೋತಿದ್ದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ.

ಒಳಗಿನ ನೀರಿನ ಬಗ್ಗೆ ನನಗೆ ತುಂಬ ಹೇಳಲಿಕ್ಕುಂಟು. ನಮ್ಮಲ್ಲಿ ಮನೆಮನೆಗೂ ಬಾವಿ. ಕೊಡಪಾನದಲ್ಲಿ ನೀರು ತಂದು ರೇಡಿಯೇಟರಿಗೆ ಹೊಯ್ಯುವುದು ಅಭ್ಯಾಸವಾಗಿಬಿಟ್ಟಿದೆ. ಕೆಂಪುಕಲ್ಲಿನ ನೆಲದ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಕಡಲಿಗೆ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪೂ ಬರುತ್ತದೆ. ಕುಡಿದರೆ ಗೊತ್ತಾಗದಷ್ಟು ಉಪ್ಪು ಸಾಕು, ಅಲ್ಯೂಮಿನಿಯಂ ಹೆಡ್ ಇದ್ದರೆ ಅದನ್ನೂ ರೇಡಿಯೇಟರನ್ನೂ ತಿನ್ನಲಿಕ್ಕೆ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕಿ. ಹಳೆ ಕೂಲಂಟನ್ನು ನಾಯಿ, ಬೆಕ್ಕು ನೆಕ್ಕುವ ಹಾಗೆ ಬಿಡಬೇಡಿ. ರುಚಿ ಸಿಹಿ, ಆದರೆ ವಿಷ.

ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ತೆರೆದು ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ತೆಗೆದುಬಿಡಿ ಅಂತ ಹೇಳುವವರು ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಇಂಜಿನ್ ಸದಾ ತಣ್ಣಗೆ ಓಡಿದರೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಅನುಮಾನ ಇದ್ದರೆ ಬಿಚ್ಚಿ, ಪಾತ್ರೆಯಲ್ಲಿ ನೀರು ಕುದಿಸಿ ಅದರಲ್ಲಿ ಇಳಿಸಿ. ತೆರೆಯದಿದ್ದರೆ ಹೊಸದು ಹಾಕಿ.

ರೇಡಿಯೇಟರಿನಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ, ಅಥವಾ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಹಾಕಿದ ಚಹಾದ ಹಾಗೆ ಕಂಡರೆ ಗಾಡಿ ಓಡಿಸಬೇಡಿ. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಥವಾ ಹೆಡ್ ಬಿರಿದಿದೆ. ಆ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗೂ ಹೋಗುತ್ತದೆ.

ಬ್ರೇಕ್ ಪೆಡಲ್ ಮೊದಲಿನ ಹಾಗಿಲ್ಲ

ಇದರಲ್ಲಿ ನಾಳೆ ನೋಡೋಣ ಅನ್ನುವುದಿಲ್ಲ. ಸರಿಯಾಗುವವರೆಗೆ ಗಾಡಿ ಅಂಗಳದಲ್ಲೇ ಇರಲಿ.

ಪೆಡಲ್ ಒತ್ತಿ ಹಿಡಿದಾಗ ಮೆಲ್ಲ ಮೆಲ್ಲ ಕೆಳಗೆ ಹೋದರೆ, ಹೊರಗೆಲ್ಲೂ ಸೋರದಿದ್ದರೆ, ಮಾಸ್ಟರ್ ಸಿಲಿಂಡರ್ ವಾಷರ್ ಸವೆದಿದೆ. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಇದೆ. ಮೊದಲ ಸಲ ಆಳಕ್ಕೆ ಹೋಗಿ ಎರಡನೇ ಸಲಕ್ಕೆ ಮೇಲೆ ಸಿಕ್ಕರೆ ಹಿಂದಿನ ಡ್ರಮ್‌ನ ಶೂ ಅಡ್ಜಸ್ಟ್ ಮಾಡಬೇಕು. ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆದರೆ, ಚಕ್ರದ ಒಳಬದಿ ಒದ್ದೆ ಇದೆಯಾ ನೋಡಿ. ಅಲ್ಲಿ ವೀಲ್ ಸಿಲಿಂಡರ್ ಸೋರುತ್ತಿರುತ್ತದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಬ್ರೇಕ್ ಬೂಸ್ಟರಿಗೆ ಹೋಗುವ ವ್ಯಾಕ್ಯೂಮ್ ಪೈಪ್ ನೋಡಿ. ಇಂಜಿನ್ ಆಫ್ ಇರುವಾಗ ನಾಲ್ಕೈದು ಸಲ ಒತ್ತಿ, ಕಾಲು ಒತ್ತಿಯೇ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಇಳಿಯಬೇಕು.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಸೇರಿದರೆ ಬೇಗ ಕುದಿಯುತ್ತದೆ, ಘಾಟಿ ಇಳಿಯುವಾಗ ಕೈಕೊಡುತ್ತದೆ. ಸಿಲಿಂಡರಿನೊಳಗೂ ತುಕ್ಕು ಹಿಡಿಯುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಚಾಸಿ ಉದ್ದಕ್ಕೂ ಹೋಗುವ ಲೋಹದ ಬ್ರೇಕ್ ಪೈಪನ್ನು ಉಗುರಿನಿಂದ ಕೆರೆಯಿರಿ. ಪದರ ಪದರ ಏಳುತ್ತಿದ್ದರೆ ಆ ಒಂದು ತುಂಡಷ್ಟೇ ಅಲ್ಲ, ಇಡೀ ಪೈಪ್ ಬದಲಿಸಿ. ಬ್ರೇಕ್ ಕೆಲಸ ಮೊದಲ ಸಲ ಮಾಡುವವರು ಅನುಭವ ಇದ್ದವರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ಬಾಡಿ ಕಿರುಗುಟ್ಟುತ್ತದೆ, ಬಾಗಿಲು ಸರಿಯಾಗಿ ಕೂರುವುದಿಲ್ಲ

ಬಾಗಿಲಿನ ಕೀಲು ನೋಡುವ ಮೊದಲು ಚಾಸಿ ನೋಡಿ. ಮೀನಿನ ಗಾಡಿಯಲ್ಲಿ ಐಸ್ ಕರಗಿದ ಉಪ್ಪುನೀರು ವರ್ಷಗಟ್ಟಲೆ ಹಲಗೆ ಸಂದಿಯಿಂದ ಇಳಿದಿರುತ್ತದೆ. ಬಣ್ಣ ಹೊಸತಾಗಿ ಹೊಳೆಯುತ್ತಿದ್ದರೂ ನಂಬಬೇಡಿ. ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ "ಠಣ್" ಅನ್ನುತ್ತದೆ. ಟೊಳ್ಳಾದ ಜಾಗ "ದಪ್" ಅನ್ನುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಹಿಂದಿನ ಲೀಫ್ ಸ್ಪ್ರಿಂಗ್ ಹಿಡಿಯುವ ಬ್ರಾಕೆಟ್ ಸುತ್ತ, ಅಡ್ಡ ಪಟ್ಟಿ ಸೇರುವ ಮೂಲೆ, ಕ್ಯಾಬಿನ್ ಕೂರುವ ಜಾಗ, ಬ್ಯಾಟರಿ ತಟ್ಟೆ, ಡ್ರೈವರ್ ಕಾಲಡಿಯ ಮ್ಯಾಟ್ ಕೆಳಗೆ: ನನ್ನ ಗಾಡಿಯಲ್ಲಿ ತೂತು ಸಿಕ್ಕಿದ್ದು ಇಲ್ಲೆಲ್ಲ.

ಮೇಲ್ಮೈ ತುಕ್ಕಾದರೆ ವೈರ್ ಬ್ರಷ್ ಹಾಕಿ ಲೋಹ ಕಾಣುವವರೆಗೆ ಉಜ್ಜಿ, ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಪ್ರೈಮರ್ ಹಚ್ಚಿ, ಆಮೇಲೆ ಬಣ್ಣ. ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯದು. ತೊಳೆಯದೆ ತುಕ್ಕಿನ ಮೇಲೆ ದಪ್ಪ ಕಪ್ಪು ಕೋಟಿಂಗ್ ಬಳಿದರೆ ಉಪ್ಪು ಒಳಗೇ ಉಳಿದು, ಕಣ್ಣಿಗೆ ಕಾಣದ ಹಾಗೆ ತಿನ್ನುತ್ತದೆ. ಹಳೆ ಇಂಜಿನ್ ಆಯಿಲ್ ಬಳಿಯುವವರೂ ಇದ್ದಾರೆ. ಅದು ಮೊದಲ ಮಳೆಗೆ ತೊಳೆದುಹೋಗಿ ಬಾವಿಗೆ ಇಳಿಯುತ್ತದೆ. ಹಳೆ ಆಯಿಲನ್ನು ಕ್ಯಾನಿನಲ್ಲಿ ತುಂಬಿಸಿ, ಅದನ್ನು ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಸ್ಕ್ರೂಡ್ರೈವರ್ ಒಳಗೆ ಹೋದರೆ, ಅದೂ ಸ್ಪ್ರಿಂಗ್ ಬ್ರಾಕೆಟ್ ಅಥವಾ ಸ್ಟೇರಿಂಗ್ ಬಾಕ್ಸ್ ಹತ್ತಿರವಾದರೆ, ಮನೆಯ ಕೆಲಸ ಅಲ್ಲಿಗೆ ನಿಲ್ಲಿಸಿ. ತೆಳು ತಗಡು ಅಂಟಿಸಿ ಬಣ್ಣ ಬಳಿದರೆ ಎಫ್‌ಸಿಗೆ (ಫಿಟ್ನೆಸ್ ಸರ್ಟಿಫಿಕೇಟ್ ತಪಾಸಣೆಗೆ) ಹೋದಾಗ ಕಣ್ಣಿಗೆ ಬೀಳದಿರಬಹುದು, ಆದರೆ ಲೋಡ್ ಹಾಕಿದ ದಿನ ಅದು ಬಿಡುತ್ತದೆ. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ ಆಗಲೇಬೇಕು. ಚಾಸಿಯ ವೆಲ್ಡಿಂಗ್ ಗೊತ್ತಿದ್ದವರಿಗೇ ಕೊಡಿ. ಕೊಡುವ ಮೊದಲು ಬ್ಯಾಟರಿಯ ಎರಡೂ ಕೇಬಲ್, ಆಲ್ಟರ್ನೇಟರ್ ವೈರ್ ಬಿಚ್ಚಿ. ಚಾಸಿ ನಂಬರ್ ಕೆತ್ತಿದ ಜಾಗಕ್ಕೆ ಬೆಂಕಿಯಾಗಲೀ ಗ್ರೈಂಡರ್ ಆಗಲೀ ತಾಗದ ಹಾಗೆ ಸೀಮೆಸುಣ್ಣದಲ್ಲಿ ಗುರುತು ಮಾಡಿ ಕೊಡಿ. ವೆಲ್ಡಿಂಗ್ ಮುಗಿಸಿ ಗಾಡಿ ಮನೆಗೆ ಬಂದ ದಿನ, ಇಂಜಿನ್‌ನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯನ್ನು ಮತ್ತೊಮ್ಮೆ ಬಿಚ್ಚಿ, ಉಜ್ಜಿ, ಬಿಗಿಯಿರಿ.